ತಾಂಜಾನಿಯಾ ಸಫಾರಿಯ ನಡುವೆ ಹಡ್ಜಾ ಬೇಟೆಗಾರರನ್ನು ನೋಡೋಕೆ ಅರ್ಧ ದಿನ ಸಾಕಾ?

ಕರಾಟು ಪಟ್ಟಣದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಎಯಾಸಿ ಸರೋವರದ ಕಡೆ ಹೋಗಿ, ಅಲ್ಲಿನ ಹಡ್ಜಾ ಬುಡಕಟ್ಟಿನವರ, ನಿಮ್ಮ ಮಾತಲ್ಲಿ ‘ಅಸಲಿ ಆದಿಮಾನವರ’ ಬೇಟೆಯನ್ನು ಮಕ್ಕಳಿಗೆ ತೋರಿಸಿ ಮಧ್ಯಾಹ್ನದೊಳಗೆ ವಾಪಸ್. ನಿಮ್ಮ ಪ್ಲಾನ್ ಓದಿ ನನಗೆ ನಗು ಬಂತು. ಇದೇ ಪ್ಯಾಕೇಜನ್ನು ನಾನೂ ದುಡ್ಡು ಕೊಟ್ಟು ತಗೊಂಡಿದ್ದೆ.

ನಾನು ಕೆಟ್ಟಿದ್ದು ಕರಾಟುವಿನಲ್ಲಿ ಉಳಿದದ್ದರಿಂದ. ಸ್ವಲ್ಪ ಉದ್ದ ಆಗುತ್ತೆ, ಆದರೂ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಟೂರ್‌ನವರು ಯಾರೂ ಇದನ್ನು ಹೇಳಲ್ಲ. ಕರಾಟುವಿನಲ್ಲಿ ಒಳ್ಳೆ ಹೋಟೆಲ್ ಇದೆ, ಬಿಸಿನೀರು ಬರುತ್ತೆ, ನಮ್ಮಂಥ ಸಸ್ಯಾಹಾರಿಗಳಿಗೆ ಅನ್ನ-ಬೇಳೆ ಸಿಗುತ್ತೆ. ಆದರೆ ಹಡ್ಜಾಗಳ ಬಿಡಾರಗಳಿಗೆ ಹೋಗಬೇಕಾದ್ದು ಎಯಾಸಿ ಹತ್ತಿರದ ಮಂಗೋಲಾ ಅನ್ನೋ ಊರಿನ ಕಡೆಯಿಂದ. ನಕ್ಷೆಯಲ್ಲಿ ನೋಡಿದರೆ ಐವತ್ತು-ಅರವತ್ತು ಕಿಲೋಮೀಟರ್. ನಾನು ಶಿರಸಿಯವನು, ಶಿರಸಿ-ಕುಮಟಾ ಲೆಕ್ಕ ಹಾಕಿಕೊಂಡೆ. ಅಲ್ಲಿರೋದು ಮಣ್ಣಿನ ದಾರಿ, ನಡುನಡುವೆ ಒಣಗಿದ ಹಳ್ಳಗಳು, ಎದುರಿಗೆ ಈರುಳ್ಳಿ ಮೂಟೆ ಹೇರಿಕೊಂಡು ಬರುವ ಲಾರಿಗಳು (ಮಂಗೋಲಾ ಈರುಳ್ಳಿಗೆ ಹೆಸರುವಾಸಿ), ಅವು ಎಬ್ಬಿಸುವ ಧೂಳು. ಮಂಗೋಲಾ ಮುಟ್ಟಿದ ಮೇಲೆ ಆಫೀಸಿನಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ, ಸ್ಥಳೀಯ ಗೈಡ್ ಒಬ್ಬರನ್ನು ಹತ್ತಿಸಿಕೊಳ್ಳಬೇಕು. ಬಿಡಾರ ಇವತ್ತು ಎಲ್ಲಿದೆ ಅಂತ ಅವರು ವಿಚಾರಿಸಬೇಕು, ಅದು ಜಾಗ ಬದಲಾಯಿಸ್ತಾ ಇರುತ್ತೆ. ಆಮೇಲೆ ಮುಳ್ಳುಪೊದೆಗಳ ನಡುವೆ ಜೀಪು ನುಗ್ಗಬೇಕು. ಸಮಭಾಜಕಕ್ಕೆ ಹತ್ತಿರದ ಜಾಗವಾದ್ದರಿಂದ ವರ್ಷವಿಡೀ ಬೆಳಗಾಗುವುದು ಹೆಚ್ಚುಕಮ್ಮಿ ಆರೂವರೆಗೆ. ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳು ಸೇರ್ತಾವೆ, ಹಾಗಾಗಿ ಗಂಡಸರು ತಂಪು ಹೊತ್ತಿಗೇ ಬಿಲ್ಲು ಹಿಡಿದು ಹೊರಟಿರ್ತಾರೆ. ನಾನು ಹೋಟೆಲಿನ ತಿಂಡಿ ಬಿಡಬಾರದು ಅಂತ ಕಾದು, ತಿಂದು ಹೊರಟವನು!

ತಲುಪುವಾಗ ಬಿಡಾರದಲ್ಲಿದ್ದ ಗಂಡಸರು ಅಂದ್ರೆ ಒಂದಿಬ್ಬರು ಹುಡುಗರು. ಮರದ ಬೊಡ್ಡೆಗೆ ಬಾಣ ಬಿಟ್ಟು ತೋರಿಸಿದರು, ಕಡ್ಡಿ ಕಡೆದು ಬೆಂಕಿ ಹಚ್ಚಿದರು, ಹಾಡಿ ಕುಣಿದರು, ಮಣಿಸರ ಮುಂದಿಟ್ಟರು. ಪಕ್ಕದಲ್ಲಿ ಇನ್ನೊಂದು ಜೀಪು ಬಂದು ನಿಂತಿತು, ಅವರಿಗೂ ಅದೇ ಬೊಡ್ಡೆ, ಅದೇ ಕುಣಿತ. ಇಂಥದ್ದನ್ನು ನೋಡೋಕೆ ಅಷ್ಟು ದೂರ ಹೋಗಬೇಕಿರಲಿಲ್ಲ. ಬೇಟೆಗೆ ಹೋಗಲೇಬೇಕು ಅಂತ ಆ ರಾತ್ರಿ ಮಂಗೋಲಾದಲ್ಲೇ ಉಳಿದೆ. ಮತ್ತೊಮ್ಮೆ ಶುಲ್ಕ, ಜೀಪಿಗೆ ಇನ್ನೊಂದು ದಿನದ ಬಾಡಿಗೆ. ತರಂಗೀರೆ ರಾಷ್ಟ್ರೀಯ ಉದ್ಯಾನದ ಆನೆಗಳನ್ನು ಪ್ಲಾನಿನಿಂದ ಕಿತ್ತುಹಾಕಬೇಕಾಯ್ತು, ಆ ಹೊಟ್ಟೆಯುರಿ ಇನ್ನೂ ಇದೆ.

ಮೊದಲ ದಿನ ಉಳಿದ ಹೊತ್ತಿನಲ್ಲಿ ಗೈಡ್ ನನ್ನ ಸಪ್ಪೆ ಮುಖ ನೋಡಿ, ಹೆಂಗಸರು ಗೆಡ್ಡೆ ಅಗೆಯೋಕೆ ಹೋಗ್ತಿದ್ದಾರೆ, ಬರ್ತೀರಾ ಅಂದರು. ಯಾವ ಪ್ಯಾಕೇಜಿನಲ್ಲೂ ಇದರ ಫೋಟೊ ಇರಲ್ಲ. ಅಜ್ಜಿಯೊಬ್ಬರು ಬಳ್ಳಿ ಹಿಡಿದು ಹೋಗಿ, ನೆಲವನ್ನು ಕೋಲಿನಿಂದ ಬಡಿದು ಸದ್ದು ಕೇಳಿ, ಕೂತು ಅಗೆಯೋಕೆ ಶುರು ಮಾಡಿದರು. ತುದಿ ಚೂಪು ಮಾಡಿದ ಒಂದು ಕೋಲು ಅಷ್ಟೇ, ಗುದ್ದಲಿ ಗಿದ್ದಲಿ ಏನಿಲ್ಲ. ಕಲ್ಲು ಅಡ್ಡ ಬಂದರೆ ಕೋಲನ್ನೇ ಹಾರೆ ಮಾಡಿ ಎಬ್ಬಿಸ್ತಾರೆ. ಗೆಡ್ಡೆಯನ್ನು ಬೆಂಕಿಯಲ್ಲಿ ಸ್ವಲ್ಪ ಹೊತ್ತು ಸುಟ್ಟು ಸಿಪ್ಪೆ ಸುಲಿದು ಕೊಟ್ಟರು. ನುಂಗೋ ಹಾಗಿಲ್ಲ, ಕಬ್ಬಿನ ಹಾಗೆ ಜಗಿದು ರಸ ಹೀರಿ ನಾರು ಉಗುಳಬೇಕು. ಮಾಂಸ ಸಿಕ್ಕರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ಗೆಡ್ಡೆ ಕೈಬಿಡಲ್ಲ. ಜೊತೆಗೆ ಕಾಡುಹಣ್ಣು, ಬಾವೊಬಾಬ್ ಕಾಯಿಯ ಹುಳಿ ಹಿಟ್ಟು. ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವ ದೈತ್ಯ ಮರಗಳನ್ನು ನೋಡಿದ್ದೀರಾದರೆ, ಅವು ಈ ಜಾತಿಯವೇ. ನಿಮ್ಮ ಮಕ್ಕಳು ಚಿಕ್ಕವರಾದರೆ ಬೇಟೆ ಬಿಟ್ಟು ಇದಕ್ಕೇ ಕರೆದುಕೊಂಡು ಹೋಗಿ.

ಮರುದಿನ ಬೆಳಿಗ್ಗೆ ಬೇಟೆಗೆ ಹೋದೆ. ಅದನ್ನು ನಡಿಗೆ ಅಂದುಕೊಳ್ಳಬೇಡಿ. ಹೊರಡುವ ಮುಂಚೆ ಬೆಂಕಿ ಸುತ್ತ ಕೂತು ಕಲ್ಲಿನ ಚಿಲುಮೆ ಎಳೆದು ಎದೆ ಬಿರಿಯುವ ಹಾಗೆ ಕೆಮ್ಮುತ್ತಿದ್ದವರು ಇವರೇನಾ ಅನ್ನಿಸುತ್ತೆ, ಆಮೇಲೆ ಅಷ್ಟು ಬಿರುಸು. ಒಬ್ಬ ಹುಡುಗ ಬಾಣದ ಕಡ್ಡಿಯನ್ನು ಬೆಂಕಿಗೆ ಹಿಡಿದು, ಹಲ್ಲಲ್ಲಿ ಕಚ್ಚಿ ನೆಟ್ಟಗೆ ಮಾಡಿಕೊಂಡ. ಚಿಕ್ಕ ಬೇಟೆಗೆ ಬರೀ ಬಾಣ, ದೊಡ್ಡದಕ್ಕೆ ವಿಷ ಹಚ್ಚಿದ್ದು. ಆ ವಿಷದಲ್ಲಿ ಒಂದು ಬಗೆ ನಾವು ಬೆಂಗಳೂರಿನ ಟೆರೇಸಿನಲ್ಲಿ ಕುಂಡದಲ್ಲಿಟ್ಟು ಮುದ್ದು ಮಾಡುವ ಅಡೀನಿಯಂ ಕುಲದ ಗಿಡದ್ದು, ರಸವನ್ನು ಕಪ್ಪು ಅಂಟಾಗುವವರೆಗೆ ಕುದಿಸ್ತಾರೆ. ಕಬ್ಬಿಣದ ಮೊನೆಗಳು ಪಕ್ಕದಲ್ಲೇ ಇರುವ ದಟೋಗಾ ಅನ್ನೋ ದನಗಾಹಿ ಜನಾಂಗದ ಕಮ್ಮಾರರಿಂದ ಬರ್ತಾವೆ. ಸಿಕ್ಕಿದ್ದು ಎರಡು ಪುಟ್ಟ ಹಕ್ಕಿ. ಅಲ್ಲೇ ಸುಟ್ಟು ತಿಂದರು, ನನ್ನ ಕಡೆಗೂ ಒಂದು ಚೂರು ಚಾಚಿದರು. ಬೇಡ ಅಂದರೆ ಬೇಜಾರೇನೂ ಇಲ್ಲ, ನನ್ನ ಪಾಲೂ ಖಾಲಿ. ವಾಪಸ್ ಬರುವಾಗ ಒಂದು ಮರದ ಪೊಟರೆ ಕಡಿದು ಮುಳ್ಳಿಲ್ಲದ ಜೇನು ತೆಗೆದರು, ನಮ್ಮ ಕಡೆಯ ಮಿಸರಿ ಜೇನಿನ ಬಳಗದ್ದು. ಅದಕ್ಕೆ ಮಾತ್ರ ನಾನು ಬೇಡ ಅನ್ನಲಿಲ್ಲ.

ಇನ್ನು ನಿಮ್ಮ ‘ಅಸಲಿ ಆದಿಮಾನವರು’. ಆ ಮಾತನ್ನು ಬಿಟ್ಟು ಹೋಗಿ. ಹಡ್ಜಾಗಳು ನಿಮ್ಮ ನನ್ನಷ್ಟೇ ಈ ಕಾಲದವರು. ಒಟ್ಟು ಸುಮಾರು 1,300 ಜನ, ಅದರಲ್ಲಿ ಇವತ್ತಿಗೂ ಬೇಟೆ-ಗೆಡ್ಡೆಯನ್ನೇ ನಂಬಿ ಬದುಕುವವರು ಕೆಲವು ನೂರು. 1964ರ ಹೊತ್ತಿಗೆ ಸರ್ಕಾರ ಇವರನ್ನು ಯಾಯೆದಾ ಚಿನಿ ಅನ್ನೋ ಊರಲ್ಲಿ ನೆಲೆ ನಿಲ್ಲಿಸಿ ಬೇಸಾಯ ಕಲಿಸೋಕೆ ಹೊರಟಿತ್ತು. ರೋಗ ಬಂದು ಹಲವರು ಸತ್ತರು, ಉಳಿದವರಲ್ಲಿ ಬಹಳ ಜನ ಕಾಡಿಗೆ ವಾಪಸ್ ಹೋದರು. 2007ರಲ್ಲಿ ಅವರ ಬೇಟೆ ನೆಲವನ್ನೇ ಯುಎಇ ರಾಜಮನೆತನದ ಮೋಜಿನ ಬೇಟೆಗೆ ಕೊಡುವ ಒಪ್ಪಂದ ಆಗಿತ್ತು, ಗಲಾಟೆ ಆಗಿ ನಿಂತುಹೋಯ್ತು. 2011ರಲ್ಲಿ ಯಾಯೆದಾ ಕಣಿವೆಯ ಹಡ್ಜಾಗಳು ಸಮುದಾಯದ ಹೆಸರಿಗೆ ಭೂಮಿ ಪತ್ರ ಮಾಡಿಸಿಕೊಂಡರು, ಈಗ ಕಾಡು ಉಳಿಸಿದ್ದಕ್ಕೆ ಕಾರ್ಬನ್ ಕ್ರೆಡಿಟ್ ಹಣವನ್ನೂ ಪಡೀತಿದ್ದಾರೆ. ಆಧಾರ್ ಕಾರ್ಡಿನ ವಿಳಾಸ ಬದಲಾಯಿಸೋಕೆ ಸುಸ್ತಾಗುವ ನಾನು ಇವರನ್ನು ಆದಿಮಾನವರು ಅನ್ನೋದು ಹೇಗೆ? ಟೀ ಶರ್ಟು, ಚಡ್ಡಿ ಹಾಕಿದವರು ಕಂಡರೆ ‘ನಕಲಿ’ ಅಂತ ಗೊಣಗಬೇಡಿ. ಹೆಗಲ ಮೇಲಿನ ಬಬೂನ್ ಚರ್ಮ ಬಹಳ ಸಲ ನಿಮ್ಮ ಕ್ಯಾಮೆರಾಗೇ ಬಂದಿರುತ್ತೆ.

ಮಕ್ಕಳಿಗೆ ಚಾಕೊಲೇಟ್ ಒಯ್ಯಲಾ ಅಂತ ಕೇಳಿದ್ದೀರಿ. ಬೇಡ. ಗಂಡಸರ ಕೈಗೆ ನೋಟು ಕೊಡೋದೂ ಬೇಡ, ಪ್ರವಾಸಿಗರ ದುಡ್ಡು ಬರುವ ಬಿಡಾರಗಳಲ್ಲಿ ಕುಡಿತ ದೊಡ್ಡ ಗೋಳಾಗಿದೆ. ಶುಲ್ಕ ಆಫೀಸಿನಲ್ಲಿ ಕಟ್ಟಿ, ಹೆಂಗಸರ ಹತ್ತಿರ ಮಣಿಸರ ಕೊಳ್ಳಿ, ಚೌಕಾಸಿ ಮಾಡಬೇಡಿ. ಗಟ್ಟಿ ಶೂ, ದಪ್ಪ ಪ್ಯಾಂಟ್ ಹಾಕಿ, ಅಲ್ಲಿನ ಮುಳ್ಳಿಗೆ ಟ್ರ್ಯಾಕ್ ಪ್ಯಾಂಟ್ ಲೆಕ್ಕಕ್ಕಿಲ್ಲ. ಜೂನ್‌ನಿಂದ ಅಕ್ಟೋಬರ್ ಒಣ ಕಾಲ, ದಾರಿಯೂ ಆಗ ವಾಸಿ. ಟೂರ್‌ನವರು ಹಿಂದಿನ ರಾತ್ರಿ ಮಂಗೋಲಾದಲ್ಲಿ ಉಳಿಸೋಕೆ ಒಪ್ಪದಿದ್ದರೆ ಹಡ್ಜಾಗಳನ್ನು ಪ್ಲಾನಿನಿಂದಲೇ ತೆಗೆದುಹಾಕಿ ತರಂಗೀರೆಗೆ ಹೋಗಿ, ನನ್ನ ಪಾಲಿನ ಆನೆಗಳನ್ನೂ ನೀವೇ ನೋಡಿ.