ಜರ್ಮನಿಗೆ ಓದಲು ಹೋಗುವವರಿಗೆ ಬ್ಲಾಕ್ಡ್ ಅಕೌಂಟ್ ಒಂದೇ ಸಾಕಾ?

ಮಾಸ್ಟರ್ಸ್‌ಗೆ ಜರ್ಮನಿಗೆ ಹೊರಟಿದ್ದೀರಿ, ವರ್ಷದ ಖರ್ಚಿನ ದುಡ್ಡು ಮೊದಲೇ ಕಟ್ಟಿಡುವ ಬ್ಲಾಕ್ಡ್ ಅಕೌಂಟ್ ಆಗಲೇ ಇದೆ, ಮತ್ತೊಂದು ಖಾತೆ ಯಾಕೆ ಅಂತ ಕೇಳಿದ್ದೀರಿ. ಬೇಕೇ ಬೇಕು.

ಬ್ಲಾಕ್ಡ್ ಅಕೌಂಟ್ ಇರುವುದು ಮುಖ್ಯವಾಗಿ ವೀಸಾಕ್ಕೆ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕು, ತಿಂಗಳಿಗೆ 992 ಮಾತ್ರ ಬಿಡುಗಡೆ ಆಗುತ್ತದೆ. ಆ 992 ಬಂದು ಬೀಳಲು ದಿನಬಳಕೆಯ ಖಾತೆ ಬೇಕಲ್ವಾ? ಅದೇ ಗಿರೋಕೊಂಟೊ. ಕೆಲವು ಕಂಪನಿಗಳು ಎರಡನ್ನೂ ಒಟ್ಟಿಗೇ ಕೊಡುತ್ತವೆ. ನಿಮ್ಮದು ಹಾಗಿದೆಯಾ ಅಂತ ಮೊದಲು ನೋಡಿ.

ಬ್ಯಾಂಕಿಗೆ ಹೋಗುವ ಮುಂಚೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮುಗಿಸಿಕೊಳ್ಳಿ. ಮನೆಗೆ ಹೋದ ಎರಡು ವಾರದೊಳಗೆ ಮಾಡಿಸಬೇಕು ಅನ್ನುವುದು ಕಾನೂನು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಪತ್ರ ಬೇಕು. ಈ ನೋಂದಣಿ ಚೀಟಿ ಇಲ್ಲದೆ ಖಾತೆ ತೆರೆಯುವ ಬ್ಯಾಂಕುಗಳೂ ಇವೆ, ಆದರೆ ಇದ್ದರೆ ತಲೆನೋವು ಕಡಿಮೆ. 11 ಅಂಕಿಯ ತೆರಿಗೆ ಸಂಖ್ಯೆಯೂ ಇದಾದ ಮೇಲೇ ಅಂಚೆಯಲ್ಲಿ ಬರುವುದು. ಬ್ಯಾಂಕು ಅದನ್ನೂ ಕೇಳುತ್ತದೆ, ಆಮೇಲೆ ಕೊಟ್ಟರೂ ನಡೆಯುತ್ತದೆ.

ಇನ್ನು ಯಾವ ಬ್ಯಾಂಕು? ಊರೂರಿಗೂ ಇರುವ ಶ್ಪಾರ್ಕಾಸ್ಸೆ, ಸಹಕಾರಿ ಫೋಕ್ಸ್‌ಬಾಂಕ್, ಡಾಯ್ಚ ಬ್ಯಾಂಕಿನಂಥ ಖಾಸಗಿಯವು, ಶಾಖೆಯೇ ಇಲ್ಲದ ಎನ್26ನಂಥವು ಇವೆ. ದುಡ್ಡು ಎಲ್ಲಿಟ್ಟರೂ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 1,00,000 ಯೂರೊವರೆಗೆ ಕಾನೂನಿನ ರಕ್ಷಣೆ ಇದೆ. ಆ್ಯಪ್ ಬ್ಯಾಂಕುಗಳಲ್ಲಿ ಶುಲ್ಕ ಕಡಿಮೆ. ಆದರೆ ಗುರುತು ಖಚಿತಪಡಿಸಲು ಭಾರತದ ಪಾಸ್‌ಪೋರ್ಟನ್ನು ಎಲ್ಲರೂ ವಿಡಿಯೊ ಕರೆಯಲ್ಲಿ ಒಪ್ಪುವುದಿಲ್ಲ. ಆಗ ಅಂಚೆ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ತೋರಿಸುವ ಪೋಸ್ಟ್‌ಇಡೆಂಟ್ ದಾರಿ ಇದೆ. ಶಾಖೆ ಇರುವ ಬ್ಯಾಂಕಿನಲ್ಲಿ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಖಾತೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಎಟಿಎಂ ಮಾತ್ರ ನಿಮ್ಮ ಬ್ಯಾಂಕಿನದ್ದೋ ಅದರ ಜೊತೆಗಾರರದ್ದೋ ನೋಡಿ ಬಳಸಿ, ಬೇರೆಯವರದ್ದಾದರೆ ಶುಲ್ಕ ಕೀಳುತ್ತಾರೆ. ಸಣ್ಣ ಬೇಕರಿ, ಅಂಗಡಿಗಳಲ್ಲಿ ನಗದು ಅಥವಾ ಅಲ್ಲಿನ ಡೆಬಿಟ್ ಕಾರ್ಡಾದ ಗಿರೋಕಾರ್ಡ್ ಮಾತ್ರ ನಡೆಯುವುದೂ ಉಂಟು. ಬೆಂಗಳೂರಿನಲ್ಲಿ ಎಳನೀರಿಗೂ ಯುಪಿಐ ಮಾಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ.

ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದು ಲಕೋಟೆಯಲ್ಲಿ ಬೇರೆ ದಿನ ಬರುತ್ತದೆ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಅಂಚೆಯವರು ಹಾಕದೆ ವಾಪಸ್ ಕಳಿಸುತ್ತಾರೆ. ಫ್ಲಾಟ್ ನಂಬರ್ ನೋಡಿ ಹಾಕುವ ಪದ್ಧತಿ ಅಲ್ಲಿಲ್ಲ. ಸ್ನೇಹಿತರ ಕೋಣೆಯಲ್ಲಿದ್ದರೂ ಒಂದು ಚೀಟಿ ಅಂಟಿಸಿ.

ನಮ್ಮವರು ನಿಜವಾಗಿ ತಿಳಿದುಕೊಳ್ಳಬೇಕಾದದ್ದು ಲಾಸ್ಟ್‌ಶ್ರಿಫ್ಟ್. ನಮ್ಮಲ್ಲಿ ಇಎಂಐಗೆ ಮ್ಯಾಂಡೇಟ್ ಕೊಡುತ್ತೀವಲ್ಲ, ಅದೇ ಅಲ್ಲಿ ಎಲ್ಲದಕ್ಕೂ. ಆರೋಗ್ಯ ವಿಮೆ, ಕರೆಂಟ್, ಮೊಬೈಲ್, ಜಿಮ್, ಎಲ್ಲರೂ ನಿಮ್ಮ ಐಬ್ಯಾನ್, ಅಂದರೆ ಖಾತೆ ಸಂಖ್ಯೆ, ಬರೆಸಿಕೊಂಡು ತಾವೇ ದುಡ್ಡು ತೆಗೆದುಕೊಳ್ಳುತ್ತಾರೆ. ಪ್ರತಿ ಸಲ ಒಟಿಪಿ ಬರುವುದಿಲ್ಲ. ಹೆದರಬೇಡಿ, ಹಿಡಿತ ನಿಮ್ಮ ಕೈಯಲ್ಲೇ ಇದೆ. ನೀವೇ ಒಪ್ಪಿ ಕೊಟ್ಟಿದ್ದರೂ 8 ವಾರದೊಳಗೆ ಕಾರಣ ಹೇಳದೆ ವಾಪಸ್ ತರಿಸಬಹುದು, ಒಪ್ಪಿಗೆಯೇ ಇಲ್ಲದೆ ತೆಗೆದಿದ್ದರೆ 13 ತಿಂಗಳವರೆಗೆ. ಹಾಗಂತ ನಿಜವಾಗಿ ಕೊಡಬೇಕಾದ ದುಡ್ಡನ್ನು ನೀವು ವಾಪಸ್ ಎಳೆದುಕೊಂಡರೆ ನೋಟಿಸ್ ಬರುತ್ತದೆ. ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದರೂ ದಂಡ ಬೀಳುತ್ತದೆ. ಅದಕ್ಕೇ ತಿಂಗಳ ಮೊದಲ ದಿನಗಳಲ್ಲಿ ಖಾತೆ ಖಾಲಿ ಬಿಡಬೇಡಿ. ಡಿಸ್ಪೊ ಅಂತ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಸಾಲ, ಕೊಡುತ್ತಾರೆ, ಬಡ್ಡಿ ವರ್ಷಕ್ಕೆ ಶೇಕಡ 10 ದಾಟುವುದು ಮಾಮೂಲು. ಬೇಡ ಅಂದುಬಿಡಿ.

ಹೆಸರಿನ ವಿಷಯ ನಮಗೇ ಇರುವ ತಾಪತ್ರಯ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಅಥವಾ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು. 2025ರ ಅಕ್ಟೋಬರ್‌ನಿಂದ ಯೂರೊ ಕಳಿಸುವಾಗ ಬ್ಯಾಂಕು ಐಬ್ಯಾನ್ ಜೊತೆ ಹೆಸರನ್ನೂ ಹೋಲಿಸಿ ನೋಡುತ್ತದೆ. ಹಾಗಾಗಿ ಬ್ಯಾಂಕ್, ವಿಶ್ವವಿದ್ಯಾಲಯ, ನೋಂದಣಿ ಕಚೇರಿ ಎಲ್ಲ ಕಡೆ ಒಂದೇ ರೀತಿ ಬರೆಸಿ.

ಬ್ಯಾಂಕು ಇಲ್ಲ ಅಂದುಬಿಟ್ಟರೆ? ಕಾನೂನುಬದ್ಧವಾಗಿ ಅಲ್ಲಿರುವ ಯಾರಿಗೇ ಆಗಲಿ ಬಾಸಿಸ್‌ಕೊಂಟೊ ಎಂಬ ಮೂಲ ಖಾತೆ ಪಡೆಯುವ ಹಕ್ಕು 2016ರಿಂದ ಇದೆ. ಅದರ ಅರ್ಜಿ ನಮೂನೆಯನ್ನೇ ಕೇಳಿ. ತಕರಾರು ಮಾಡಿದರೆ ಬಾಫಿನ್ ಎಂಬ ನಿಯಂತ್ರಣ ಸಂಸ್ಥೆಗೆ ದೂರು ಕೊಡಬಹುದು.

ಊರಿನ ಉಳಿತಾಯ ಖಾತೆಯನ್ನು ಸುಮ್ನೆ ಹಾಗೇ ಬಿಟ್ಟು ಹೋಗಬೇಡಿ. ಹೊರದೇಶಕ್ಕೆ ಓದಲು ಹೋದವರೂ ನಮ್ಮ ವಿದೇಶಿ ವಿನಿಮಯ ಕಾನೂನಾದ ಫೆಮಾ ಪ್ರಕಾರ ಅನಿವಾಸಿಗಳೇ, ಹಾಗಾಗಿ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಗೆ ಬದಲಾಯಿಸಬೇಕು. ಹಳೇ ಸಿಮ್ಮಿಗೆ ರೀಚಾರ್ಜ್ ಮಾಡಿ ರೋಮಿಂಗ್ ಆನ್ ಇಡಿ, ಇಲ್ಲಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.