ಮೊಸರಿನ ಮೇಲೆ ಹೊರಿಸಬೇಡಿ

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಮಿದುಳು ಸಾವಿಗೀಡಾದ ದಾನಿಯೊಬ್ಬರ ಕಿಡ್ನಿ ಕಸಿ ಮಾಡಿದ್ದರು. ಐದನೇ ವಾರ ಹೊಲಿಗೆ ಹಾಕಿದ ಕಡೆ ನೋವು ಅಂದ, ಜ್ವರ ಇರಲಿಲ್ಲ. ಸ್ಕ್ಯಾನ್ ನೋಡಿ, ರಕ್ತನಾಳ ಉಬ್ಬಿದೆ ಎಂದು ಅಂದು ರಾತ್ರಿಯೇ ಕಿಡ್ನಿ ತೆಗೆದುಬಿಟ್ಟರು. ಆಮೇಲೆ ಪರೀಕ್ಷೆಯಲ್ಲಿ ಕ್ಯಾಂಡಿಡಾ ಫಂಗಸ್ ಎಂದು ಬಂತು. ಮನೆ ಮೊಸರು ಕೊಟ್ಟಿದ್ದಕ್ಕೇ ಹೀಗಾಯಿತು ಎಂದು ಅಮ್ಮ ಅಳುತ್ತಾರೆ. ಕಾದಿದ್ದರೆ ಕಿಡ್ನಿ ಉಳಿಯುತ್ತಿತ್ತಾ?
– ಒಬ್ಬ ಅಕ್ಕ, ಹಾಸನ

ಉತ್ತರ: ಮೊದಲು ಅಮ್ಮನಿಗೆ ಸಮಾಧಾನ ಹೇಳಮ್ಮ. ಕಸಿಯಾದ ಕೆಲವೇ ವಾರಗಳಲ್ಲಿ, ಅದೂ ರಕ್ತನಾಳದ ಹೊಲಿಗೆಯ ಜಾಗದಲ್ಲೇ ಕ್ಯಾಂಡಿಡಾ ಕಂಡರೆ, ಅದು ಹೆಚ್ಚಾಗಿ ಕಿಡ್ನಿಯ ಜೊತೆಗೇ ಬಂದಿರುತ್ತದೆ.

ದಾನಿಯಿಂದ ತೆಗೆದ ಕಿಡ್ನಿಯನ್ನು ತಣ್ಣಗಿನ ದ್ರವದಲ್ಲಿ ಮುಳುಗಿಸಿ ತರುತ್ತಾರೆ. ಅಂಗ ತೆಗೆಯುವಾಗ ದಾನಿಯ ಕರುಳಿಗೆ ಸಣ್ಣ ಗಾಯವಾದರೂ ಸಾಕು, ಅಲ್ಲಿರುವ ಕ್ಯಾಂಡಿಡಾ ಆ ದ್ರವಕ್ಕೆ ಸೇರಬಹುದು. ದ್ರವದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೂ ವರದಿಗೆ ಕೆಲವು ದಿನ ಬೇಕು. ಅಷ್ಟರಲ್ಲಿ ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿಟ್ಟು, ಕಾಲಿನ ಕಡೆ ಹೋಗುವ ದೊಡ್ಡ ರಕ್ತನಾಳಕ್ಕೆ ಹೊಲಿದಾಗಿರುತ್ತದೆ. ಫಂಗಸ್ ಆ ಹೊಲಿಗೆಯ ಗೋಡೆಯನ್ನು ತಿನ್ನುತ್ತದೆ. ಟೈರ್ ಹರಿದ ಕಡೆ ಸೈಕಲ್ ಟ್ಯೂಬ್ ಉಬ್ಬುತ್ತದಲ್ವಾ, ಹಾಗೆ.

ಜ್ವರ ಯಾಕೆ ಬರಲಿಲ್ಲ? ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅದನ್ನು ಮುಚ್ಚಿಡುತ್ತದೆ. ಕೆಲವರಿಗೆ ಬರೀ ಕಾಲು ಊದುತ್ತದೆ. ಇನ್ನು ಕೆಲವರಿಗೆ ಸುಮ್ನೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) ಏರುತ್ತದೆ, ಅಷ್ಟೇ.

ಸೋಂಕಿನಿಂದ ರಕ್ತನಾಳ ಹೀಗೆ ಉಬ್ಬುವುದಕ್ಕೆ ‘ಮೈಕಾಟಿಕ್ ಅನ್ಯೂರಿಸಂ’ ಎನ್ನುತ್ತಾರೆ. 1885ರಲ್ಲಿ ಕೆನಡಾದ ವೈದ್ಯ ವಿಲಿಯಂ ಆಸ್ಲರ್ ಇಟ್ಟ ಹೆಸರು. ಫಂಗಸ್ ಎಂಬ ಅರ್ಥ ಬಂದರೂ ಜಾಸ್ತಿ ರೋಗಿಗಳಲ್ಲಿ ಕಾರಣ ಬ್ಯಾಕ್ಟೀರಿಯಾ. ನಿಮ್ಮ ತಮ್ಮನ ವಿಷಯದಲ್ಲಿ ಮಾತ್ರ ಹೆಸರು ಸರಿಹೊಂದಿಬಿಟ್ಟಿತು!

ಕಾಯುವ ಮಾತಿಗೆ ಬರೋಣ. ಒಮ್ಮೆ ನಾನೇ ಇಂಥ ರೋಗಿಯೊಬ್ಬರಿಗೆ ‘ಬೆಳಿಗ್ಗೆ ನೋಡೋಣ’ ಅಂದಿದ್ದೆ. ಬೆಳಗಿನ ಜಾವಕ್ಕೆ ನಾಳ ಒಡೆಯಿತು. ಥಿಯೇಟರ್ ತಲುಪುವಷ್ಟರಲ್ಲಿ ಅವರು ಉಳಿಯಲಿಲ್ಲ. ಕಿಡ್ನಿ ಹಾಗೇ ಇಟ್ಟುಕೊಂಡು ನಾಳವನ್ನಷ್ಟೇ ಸರಿಪಡಿಸಿದ ಉದಾಹರಣೆಗಳೂ ಇವೆ, ಆದರೆ ಕಡಿಮೆ. ನಿಮ್ಮ ವೈದ್ಯರ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿದ್ದೆ.

ಈಗ ಡಯಾಲಿಸಿಸ್ ಜೊತೆಗೆ ಫಂಗಸ್ ಔಷಧಿಯೂ ನಡೆಯಬೇಕು. ಚೆನ್ನಾಗಿದ್ದೇನೆ ಎಂದು ತಮ್ಮ ಅದನ್ನು ನಡುವೆ ಬಿಡಬಾರದು. ಅದೇ ಜಾಗ ಮತ್ತೆ ಉಬ್ಬಬಹುದು, ಹೇಳಿದ ದಿನ ಸ್ಕ್ಯಾನ್ ಮಾಡಿಸಿ. ತೊಡೆಸಂದಿನಲ್ಲಿ ನೋವು ಬಂದರೆ, ಪಾದ ತಣ್ಣಗಾದರೆ ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ, ಆಗಲೇ ಹೊರಡಿ. ಸೋಂಕು ಪೂರ್ತಿ ಹೋದ ಮೇಲೆ ಇನ್ನೊಂದು ಕಸಿಗೆ ದಾರಿ ಇದೆ. ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ‘ಜೀವಸಾರ್ಥಕತೆ’ ಸಂಸ್ಥೆಯ ಪಟ್ಟಿಗೆ ಮತ್ತೆ ಸೇರುವ ಬಗ್ಗೆ ಆಸ್ಪತ್ರೆಯ ಕೋಆರ್ಡಿನೇಟರ್ ಹತ್ತಿರ ಕೇಳಿ.

ಮೊಸರು? ಡಯಾಲಿಸಿಸ್‌ನಲ್ಲಿ ಅದಕ್ಕೂ ಅಳತೆ ಇದೆ, ರಂಜಕ ಮತ್ತು ಪೊಟ್ಯಾಸಿಯಂ ಕಾರಣಕ್ಕೆ. ಎಷ್ಟು ಕೊಡಬಹುದು ಎಂದು ಡಯಟಿಷಿಯನ್ ಹತ್ತಿರ ಅಮ್ಮನೇ ಕೇಳಲಿ.