ಹಳೇ ಡೀಸೆಲ್ ಕ್ಯಾಂಪರ್ ವ್ಯಾನ್ ಸಂಪಾಜೆ ಘಾಟಿ ಹತ್ತುವಾಗ ಆಫ್ ಆಗುತ್ತೆ, ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತೆ. ಯಾಕೆ?

ಏರಿನಲ್ಲಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಹೊರಡುತ್ತದೆ ಅಂದರೆ ಬಹುತೇಕ ಡೀಸೆಲ್ ಸಾಲುತ್ತಿಲ್ಲ. ಇಂಜೆಕ್ಷನ್ ಪಂಪ್ (ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಪಂಪ್) ಬಿಚ್ಚಿಸಲು ಆತುರ ಬೇಡ, ಅದು ಕೊನೆಯ ಮಾತು.

ಗಾಡಿ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅಲ್ಲಿ ಕಣಜದ ಹುಳು ಮಣ್ಣು ಮೆತ್ತಿರುವುದೂ ಉಂಟು.

ಇಲ್ಲವಾದರೆ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಕೊಡಗಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದರೆ ಒಳಗೆ ತೇವ ಹನಿಗಟ್ಟುತ್ತದೆ. ಫಿಲ್ಟರ್ ಹೇಗೂ ಬದಲಿಸಿ.

ಜನ ಎಡವುವುದು ಗಾಳಿ ಸೋರಿಕೆಯಲ್ಲಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಡೀಸೆಲ್ ಎಳೆದು ಮುಂದೆ ಕಳುಹಿಸುವ ಪಂಪ್) ಡೀಸೆಲ್ ಎಳೆಯಲ್ಪಡುವುದರಿಂದ, ಪೈಪ್ ಬಿರುಕಿದ್ದರೂ ಹನಿ ಹೊರಗೆ ಕಾಣದೆ ಗಾಳಿ ಮಾತ್ರ ಒಳಗೆ ಹೋಗಬಹುದು. ಇಂಜೆಕ್ಷನ್ ಪಂಪಿಗೆ ಹೋಗುವ ಕಡಿಮೆ ಒತ್ತಡದ ಲೈನಿನಲ್ಲಿ ತಾತ್ಕಾಲಿಕವಾಗಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ಎಂಜಿನ್ ಓಡಿಸಿ. ಗುಳ್ಳೆ ಬರುತ್ತಲೇ ಇದ್ದರೆ ರಬ್ಬರ್ ಪೈಪ್, ಕ್ಲಿಪ್, ತಾಮ್ರದ ವಾಷರ್ ಹೊಸದು ಹಾಕಿಸಿ.

ನಂತರ ಏರ್ ತೆಗೆಯಿರಿ: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಒತ್ತುತ್ತಲೇ ಬಿಗಿಮಾಡಿ.

ಎಂಜಿನ್ ತಡವರಿಸದೆ ಸ್ವಿಚ್ ಒತ್ತಿದಂತೆ ಪಟ್ಟನೆ ನಿಂತರೆ ಸ್ಟಾಪ್ ಸೊಲೆನಾಯ್ಡ್ (ಕೀ ಆಫ್ ಮಾಡಿದಾಗ ಡೀಸೆಲ್ ತಡೆಯುವ ವಿದ್ಯುತ್ ಕವಾಟ) ವೈರ್ ನೋಡಿ. ಕೀ ತಿರುಗಿಸಿದಾಗ ಟಕ್ ಸದ್ದು ಕೇಳಬೇಕು.